ಮಂದ್ರದ ಗಾಂಭೀರ್ಯ, ಡಿಜೆಯ ಅಬ್ಬರ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ – ಇಂದು ವಿಜಯನಗರ ಜಿಲ್ಲೆಗೆ ಸೇರಿರುವ ಈ ಐದು ತಾಲ್ಲೂಕುಗಳ ಜನರಿಗೆ ಮಂದ್ರನಾದದ ಸುಖವನ್ನು ಹೊರಗಿನವರು ಬಂದು ಹೇಳಿಕೊಡಬೇಕಾಗಿಲ್ಲ. ಕೊಟ್ಟೂರೇಶ್ವರನ ರಥೋತ್ಸವದಲ್ಲಿ ನಂದಿಕೋಲಿನ ಜೊತೆಗೆ ಮೊಳಗುವ ಸಮಾಳ, ಹಾಲುಮತದವರ ಡೊಳ್ಳು ಇವೆಲ್ಲ ಕಿವಿಗಿಂತ ಮೊದಲು ಎದೆಗೆ ತಾಗುವ ವಾದ್ಯಗಳು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯನವರು ಬಿಲ್ಲನ್ನೇರಿ ‘ಸದ್ದಲೇ’ ಎಂದೊಡನೆ ಲಕ್ಷಾಂತರ ಜನ ಮೌನವಾಗುತ್ತಾರೆ. ಕಾರಣಿಕದ ನುಡಿ ಹೊರಡುವುದು ಆ ಬಳಿಕವೇ. ಮೌನದ ಪಕ್ಕದಲ್ಲಿಟ್ಟಾಗಲೇ ನಾದಕ್ಕೆ ಬೆಲೆ ಎಂಬುದನ್ನು ಈ ನೆಲ ಬಲ್ಲದು.

ಇದೇ ಸೀಮೆಯಲ್ಲಿ ಸರ್ಕಾರಿ ಸೇವೆ ಸಲ್ಲಿಸಿ, ಇಲ್ಲಿಯೇ ನೆಲೆಸಿರುವ ನನ್ನ ನಿವೃತ್ತಿಯ ಸಂಜೆಗಳಿಗೆ 1970ರ ದಶಕದ ಪ್ರೋಗ್ರೆಸಿವ್ ರಾಕ್ ಸಂಗೀತದ ಎಲ್‌ಪಿ ತಟ್ಟೆಗಳು ಸಂಗಾತಿಗಳಾಗಿವೆ ಎಂದರೆ ಕೆಲವರಿಗೆ ವಿಚಿತ್ರವೆನಿಸೀತು. ಆದರೆ ಸಮಾಳಕ್ಕೂ ಈ ಸಂಗೀತಕ್ಕೂ ಇರುವ ದೂರ ನಾವು ಊಹಿಸುವಷ್ಟಿಲ್ಲ. ಇಂಗ್ಲೆಂಡಿನ ಕಿಂಗ್ ಕ್ರಿಮ್ಸನ್ ತಂಡದ ಮೊದಲ ಧ್ವನಿಮುದ್ರಿಕೆ ಹೊರಬಂದದ್ದು 1969ರಲ್ಲಿ. ಅದೇ ಕಾಲದಲ್ಲಿ ಯೆಸ್, ಜೆನೆಸಿಸ್, ಪಿಂಕ್ ಫ್ಲಾಯ್ಡ್ ಮೊದಲಾದ ತಂಡಗಳು ಮೂರು ನಿಮಿಷದ ಹಾಡನ್ನು ಇಪ್ಪತ್ತು ನಿಮಿಷಗಳವರೆಗೆ ಹಿಗ್ಗಿಸಿ, ಒಂದೇ ಕೃತಿಯೊಳಗೆ ಹಲವು ಲಯಗಳನ್ನು ಹೆಣೆದವು. ಸಾಮಾನ್ಯ ರಾಕ್ ಸಂಗೀತದಲ್ಲಿ ಬೇಸ್ ಗಿಟಾರ್ ಡ್ರಮ್ಮಿನ ಹಿಂದೆ ನಡೆಯುವ ಊಳಿಗದವನಂತೆ. ಯೆಸ್ ತಂಡದ ಕ್ರಿಸ್ ಸ್ಕ್ವೈರ್, ಕಿಂಗ್ ಕ್ರಿಮ್ಸನ್‌ನ ಜಾನ್ ವೆಟನ್ ಅವರ ಕೈಯಲ್ಲಿ ಅದು ಹಾಡುಗಾರನಿಗೆ ಸರಿಸಮನಾಗಿ ಮಾತನಾಡತೊಡಗಿತು. ಪಿಂಕ್ ಫ್ಲಾಯ್ಡ್ 1973ರಲ್ಲಿ ಹೊರತಂದ ‘ಮನಿ’ ಗೀತೆಯ ಬೇಸ್ ಸಾಗುವುದು ಏಳು ಮಾತ್ರೆಗಳ ಆವರ್ತದಲ್ಲಿ. ಪಾಶ್ಚಾತ್ಯ ಶ್ರೋತೃವಿಗೆ ಅದು ಬೆರಗಾಗಿರಬಹುದು. ಮಿಶ್ರಛಾಪನ್ನೋ ಹಿಂದೂಸ್ತಾನಿಯ ರೂಪಕವನ್ನೋ ಕೇಳಿ ಬೆಳೆದವರ ಕೈ ತಾನಾಗಿಯೇ ತಾಳ ಹಾಕುತ್ತದೆ.

ಅರ್ಥಶಾಸ್ತ್ರದ ವಿದ್ಯಾರ್ಥಿಗಂತೂ ಎಲ್‌ಪಿ ತಟ್ಟೆಯೇ ಒಂದು ಪಾಠ. ಕೊರತೆಯ ನಡುವೆ ಸಂಪನ್ಮೂಲವನ್ನು ಹಂಚುವುದು ಹೇಗೆಂಬುದೇ ಆ ಶಾಸ್ತ್ರದ ಮೂಲ ಪ್ರಶ್ನೆ. 1948ರಲ್ಲಿ ಅಮೆರಿಕದ ಕೊಲಂಬಿಯಾ ಸಂಸ್ಥೆ ಪರಿಚಯಿಸಿದ, ನಿಮಿಷಕ್ಕೆ 33⅓ ಸುತ್ತು ತಿರುಗುವ ಹನ್ನೆರಡು ಅಂಗುಲದ ಈ ತಟ್ಟೆಯಲ್ಲಿ ಕೊರತೆ ಇರುವುದು ಜಾಗಕ್ಕೆ. ಸ್ವರ ಕೆಳಗಿಳಿದಷ್ಟೂ ತಟ್ಟೆಯ ಗೀರು ಅಕ್ಕಪಕ್ಕಕ್ಕೆ ಹೆಚ್ಚು ಓಲಾಡಬೇಕು. ಓಲಾಟ ಹೆಚ್ಚಿದರೆ ಪಕ್ಕದ ಗೀರು ದೂರ ಸರಿಯಬೇಕು. ಆಗ ಸಂಗೀತದ ಅವಧಿ ಕುಗ್ಗುತ್ತದೆ. ಇದಕ್ಕಾಗಿ 1950ರ ದಶಕದಲ್ಲಿ ಒಂದು ಸಾಮಾನ್ಯ ನಿಯಮ ರೂಢಿಗೆ ಬಂತು. ತಟ್ಟೆಯನ್ನು ಕೊರೆಯುವಾಗ ಮಂದ್ರವನ್ನು ತಗ್ಗಿಸಿ, ನುಡಿಸುವಾಗ ಆಂಪ್ಲಿಫೈಯರ್ ಅದನ್ನು ಮೊದಲಿನ ಮಟ್ಟಕ್ಕೆ ಏರಿಸಬೇಕು. 50 ಹರ್ಟ್ಸ್‌ನಲ್ಲಿ ಹೀಗೆ ತಗ್ಗಿಸುವ ಪ್ರಮಾಣ ಸುಮಾರು 17 ಡೆಸಿಬಲ್. ಅಂದರೆ ಓಲಾಟ ಸುಮಾರು ಏಳನೆಯ ಒಂದು ಭಾಗಕ್ಕೆ ಇಳಿಯುತ್ತದೆ.

ಇಷ್ಟಾದರೂ ಪ್ರೋಗ್ರೆಸಿವ್ ರಾಕ್ ಈ ಆಯವ್ಯಯಕ್ಕೆ ಕಠಿಣ ಪರೀಕ್ಷೆಯನ್ನೇ ಒಡ್ಡಿತು. ಯೆಸ್ ತಂಡದ ‘ಕ್ಲೋಸ್ ಟು ದಿ ಎಡ್ಜ್’ (1972) ಕೃತಿ ಹದಿನೆಂಟು ನಿಮಿಷ ಮೀರಿ, ಪಿಂಕ್ ಫ್ಲಾಯ್ಡ್‌ನ ‘ಎಕೋಸ್’ (1971) ಇಪ್ಪತ್ತಮೂರು ನಿಮಿಷ ಮೀರಿ, ಒಂದೊಂದೂ ತಟ್ಟೆಯ ಒಂದಿಡೀ ಮಗ್ಗುಲನ್ನು ಆವರಿಸುತ್ತವೆ. ಅವಧಿಯೂ ಬೇಕು, ಮಂದ್ರವೂ ಬೇಕು. ತಟ್ಟೆ ಕೊರೆಯುವ ತಂತ್ರಜ್ಞ ಆಗ ಹಣಕಾಸು ಇಲಾಖೆಯ ಕಾರ್ಯದರ್ಶಿಯಂತೆ ಪ್ರತಿಯೊಂದು ಬೇಡಿಕೆಯನ್ನೂ ತೂಗಿ ನೋಡುತ್ತಾನೆ. ಮಂದ್ರ ಎಲ್ಲೆಡೆ ಸುರಿಯದೆ ಬೇಕಾದಲ್ಲಿ ಮಾತ್ರ ಬಂದು ನಿಲ್ಲುವುದರಿಂದಲೇ ಅದಕ್ಕೊಂದು ಗಾಂಭೀರ್ಯ.

ಮನೆಯಲ್ಲಿ ಇದನ್ನು ಕೇಳಲು ದುಬಾರಿ ಉಪಕರಣಕ್ಕಿಂತ ಮೊದಲು ಮನೆಯನ್ನೇ ಅರಿಯಬೇಕು. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿಯ ಕಂಪನ ಸೆಕೆಂಡಿಗೆ ಸುಮಾರು 41. ಅದರ ಅಲೆಯ ಉದ್ದ ಇಪ್ಪತ್ತೇಳು ಅಡಿ. ಹತ್ತಡಿಯ ಕಾಂಕ್ರೀಟ್ ಕೋಣೆಯಲ್ಲಿ ಒಂದು ಸ್ವರ ಉಬ್ಬಿ ಗುಂಯ್ಗುಟ್ಟಿದರೆ ಇನ್ನೊಂದು ಕಾಣೆಯಾಗುತ್ತದೆ. ನಮ್ಮ ಕಡೆಯ ಹಳೆಯ ಮಾಳಿಗೆ ಮನೆಗಳ ಉದ್ದನೆಯ ಪಡಸಾಲೆ ಇದಕ್ಕೆ ಹೆಚ್ಚು ಅನುಕೂಲ. ಸ್ಪೀಕರುಗಳನ್ನು ಮೂಲೆಯಿಂದ ಈಚೆಗೆ ಸರಿಸಿ, ತಟ್ಟೆಯ ಯಂತ್ರವನ್ನು ಗೋಡೆಗೆ ಹುಗಿದ ಕಲ್ಲುಚಪ್ಪಡಿಯ ಮೇಲಿಟ್ಟರೆ ಸ್ಪೀಕರಿನ ಕಂಪನ ಮುಳ್ಳಿಗೆ ಮರಳಿ ತಾಗುವುದು ಬಹಳಮಟ್ಟಿಗೆ ತಪ್ಪುತ್ತದೆ. ನಲವತ್ತು ಡಿಗ್ರಿ ಮುಟ್ಟುವ ನಮ್ಮ ಬೇಸಿಗೆಯಲ್ಲಿ ತಟ್ಟೆಗಳು ಸೊಟ್ಟಗಾಗದಂತೆ ಬಿಸಿಲು ತಾಗದ ಒಳಕೋಣೆಯಲ್ಲಿ ನೆಟ್ಟಗೆ ನಿಲ್ಲಿಸಬೇಕು. ಇಷ್ಟು ಮಾಡಿದರೆ ಸ್ಕ್ವೈರ್‌ನ ತಂತಿಯ ಮಿಡಿತ ಬೀದಿಯ ನೆಮ್ಮದಿ ಕೆಡಿಸದೆ ಮನೆಯನ್ನು ತುಂಬುತ್ತದೆ.

ಇದನ್ನೆಲ್ಲ ಬರೆಯಲು ಕಾರಣವಿದೆ. ಮಂದ್ರವನ್ನು ಇಂದು ನಮ್ಮ ಊರುಗಳಿಗೆ ಹೊತ್ತು ತರುತ್ತಿರುವುದು ಲಾರಿಯ ಮೇಲೆ ಪೇರಿಸಿದ ಡಿಜೆ ಪೆಟ್ಟಿಗೆಗಳು. ಗಣೇಶ ವಿಸರ್ಜನೆಯಿರಲಿ, ಮದುವೆಯ ಮೆರವಣಿಗೆಯಿರಲಿ, ಅವುಗಳಿಗೆ ಜಾಗದ ಕೊರತೆಯಿಲ್ಲ, ಅವಧಿಯ ಕಟ್ಟಳೆಯಿಲ್ಲ, ದಣಿಯುವ ತೋಳೂ ಇಲ್ಲ. ಡೊಳ್ಳಿನವನು ದಣಿವಾರಿಸಿಕೊಳ್ಳಲು ನಿಂತಾಗ ಬೀದಿಗೂ ಬಿಡುವು ಸಿಗುತ್ತಿತ್ತು. ಹಸುಗೂಸು, ಹೃದ್ರೋಗಿ, ಪರೀಕ್ಷೆಗೆ ಓದುವ ಹುಡುಗಿ ಯಾರಿಗೂ ಈಗ ಆ ಬಿಡುವಿಲ್ಲ.

ಕಾನೂನಿಲ್ಲವೆಂದಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಧ್ವನಿವರ್ಧಕ ಬಳಸಲು ಲಿಖಿತ ಅನುಮತಿ ಬೇಕು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ನಿರ್ಬಂಧವಿದೆ. 2005ರಲ್ಲಿ ಸುಪ್ರೀಂ ಕೋರ್ಟ್ ಕೂಡ ಈ ನಿರ್ಬಂಧವನ್ನು ಎತ್ತಿಹಿಡಿದಿದೆ. ಆದರೆ ತೊಡಕಿರುವುದು ಅಳತೆಗೋಲಿನಲ್ಲಿ. ನಿಯಮದ ಡೆಸಿಬಲ್ಲುಗಳು ‘ಎ’ ತೂಕದವು. ತಗ್ಗಿದ ಸದ್ದಿಗೆ ನಮ್ಮ ಕಿವಿ ಮಂದವೆಂಬ ಲೆಕ್ಕದಲ್ಲಿ ಮಂದ್ರಕ್ಕೆ ಭಾರೀ ರಿಯಾಯಿತಿ ನೀಡುವಂಥವು. 50 ಹರ್ಟ್ಸ್‌ನಲ್ಲಿ ಆ ರಿಯಾಯಿತಿ ಸುಮಾರು 30 ಡೆಸಿಬಲ್. ಆ ಸ್ವರ 85 ಡೆಸಿಬಲ್‌ನಲ್ಲಿ ಕಿಟಕಿಯ ಗಾಜು ಅದುರಿಸುತ್ತಿದ್ದರೂ ಮಾಪಕ ತೋರಿಸುವುದು 55 ಮಾತ್ರ. ಗೋಡೆಗಳು ತಡೆಯಲಾರದ ಸದ್ದನ್ನೇ ಮಾಪಕ ಕಡೆಗಣಿಸುತ್ತದೆ.

ಪರಿಹಾರ ದುಬಾರಿಯದಲ್ಲ. ಮಂದ್ರವನ್ನು ಹೆಚ್ಚುಕಡಿಮೆ ಇದ್ದಂತೆಯೇ ಎಣಿಸುವ ‘ಸಿ’ ತೂಕದ ಅಳತೆ ಅನೇಕ ಮಾಪಕಗಳಲ್ಲಿ ಈಗಾಗಲೇ ಇದೆ. ಮೆರವಣಿಗೆಗೆ ಅನುಮತಿ ಕೊಡುವಾಗ ಆ ಅಳತೆಯಲ್ಲೂ ಒಂದು ಮಿತಿಯನ್ನು ಷರತ್ತಾಗಿ ವಿಧಿಸುವ ಬಗ್ಗೆ ಸರ್ಕಾರ ಯೋಚಿಸಬೇಕು. ಉತ್ಸವ ಸಮಿತಿಗಳು ಡಿಜೆಗೆ ತೆರುವ ಹಣದಲ್ಲಿ ಸಮಾಳದವರನ್ನೂ ಡೊಳ್ಳಿನ ಮೇಳವನ್ನೂ ಕರೆಸಿದರೆ ಊರಿನ ಕಲಾವಿದರ ಒಲೆ ಉರಿಯುತ್ತದೆ. ‘ಸದ್ದಲೇ’ ಎಂಬ ಒಂದೇ ನುಡಿಗೆ ಲಕ್ಷಾಂತರ ಜನ ಮೌನ ತಾಳುವ ಸೀಮೆಗೆ ಇಷ್ಟು ಸಂಯಮ ಅಸಾಧ್ಯವೇನಲ್ಲ.