ಒಂದೇ ಹೆಸರು, ಮೂರು ದಾರಿ

ಮಗುವಿನ ಜ್ಞಾನಸ್ನಾನಕ್ಕೆ ಮುನ್ನ ನಮ್ಮ ಮನೆಗಳಲ್ಲಿ ಹೆಸರಿನ ಕುರಿತು ಚರ್ಚೆ ನಡೆಯುವುದು ಸಹಜ. ಸಂತರೊಬ್ಬರ ಹೆಸರಿಟ್ಟರೆ ಅವರ ಗುಣಗಳೂ ಕೂಸಿಗೆ ಬರಲೆಂಬುದು ಹೆತ್ತವರ ಹಾರೈಕೆ. ಆದರೆ ಹೆಸರೊಂದೇ ಮನುಷ್ಯನನ್ನು ರೂಪಿಸಬಲ್ಲುದೇ? ಇಂಗ್ಲೆಂಡಿನ ಮೂವರು ಥಾಮಸರ ಬಾಳನ್ನು ನೋಡೋಣ.

ಮೊದಲನೆಯವರು ಥಾಮಸ್ ಬೆಕೆಟ್. ಎರಡನೆಯ ಹೆನ್ರಿ ದೊರೆಯ ಆಪ್ತರು, ಚಾನ್ಸಲರ್ ಪದವಿಯಲ್ಲಿದ್ದವರು. 1162ರಲ್ಲಿ ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷರಾದ ಮೇಲೆ ಧರ್ಮಸಭೆಯ ಹಕ್ಕುಗಳಿಗಾಗಿ ಅದೇ ದೊರೆಯನ್ನು ಎದುರಿಸಿದರು. 1170ರ ಡಿಸೆಂಬರ್ 29ರಂದು ತಮ್ಮ ಪ್ರಧಾನಾಲಯದಲ್ಲೇ ನಾಲ್ವರು ಸರದಾರರ ಕತ್ತಿಗೆ ಬಲಿಯಾದರು.

ಎರಡನೆಯವರು ಥಾಮಸ್ ಮೋರ್. ಗೃಹಸ್ಥರು, ನ್ಯಾಯವಾದಿಗಳು, ಎಂಟನೆಯ ಹೆನ್ರಿಯ ಚಾನ್ಸಲರ್ ಆಗಿದ್ದವರು. ದೊರೆಯೇ ಇಂಗ್ಲೆಂಡಿನ ಧರ್ಮಸಭೆಗೆ ಶಿರಸ್ಸೆಂದು ಒಪ್ಪಲು ಅವರ ಅಂತಃಸಾಕ್ಷಿ ಸಮ್ಮತಿಸಲಿಲ್ಲ. 1535ರ ಜುಲೈ 6ರಂದು ಲಂಡನ್ನಿನ ಟವರ್ ಹಿಲ್‌ನಲ್ಲಿ ಅವರ ಶಿರಚ್ಛೇದವಾಯಿತು.

ಮೂರನೆಯವನು ಥಾಮಸ್ ಕ್ರಾಮ್‌ವೆಲ್, ಅದೇ ದೊರೆಯ ಮಂತ್ರಿ. ಸನ್ಯಾಸಿ ಮಠಗಳನ್ನು ಮುಚ್ಚಿಸಿ ಅವುಗಳ ಆಸ್ತಿಯನ್ನು ಬೊಕ್ಕಸಕ್ಕೆ ಸೇರಿಸಿದವನು. 1538ರಲ್ಲಿ ಬೆಕೆಟರ ಸಮಾಧಿ ಮಂದಿರ ನಾಶವಾದುದೂ ಅವನ ಕಾಲದಲ್ಲೇ. ದೊರೆಯ ಇಚ್ಛೆಯನ್ನೆಲ್ಲ ನಡೆಸಿಕೊಟ್ಟರೂ 1540ರಲ್ಲಿ ಅದೇ ಟವರ್ ಹಿಲ್‌ನಲ್ಲಿ ಅವನ ಶಿರವೂ ಉರುಳಿತು.

ಮೂವರಿಗೂ ಅರಮನೆಯ ಒಲವು ದೊರೆತಿತ್ತು. ಮೂವರ ಅಂತ್ಯವೂ ಕತ್ತಿ ಕೊಡಲಿಗಳಿಂದಲೇ ಆಯಿತು. 1173ರಲ್ಲಿ ಬೆಕೆಟರನ್ನು, 1935ರಲ್ಲಿ ಮೋರ್ ಅವರನ್ನು ಧರ್ಮಸಭೆ ಸಂತರೆಂದು ಘೋಷಿಸಿತು. ಮೋರ್ ಅವರು 2000ನೆಯ ಇಸವಿಯಿಂದ ರಾಜಕಾರಣಿಗಳ ಪಾಲಕ ಸಂತರೂ ಹೌದು.

ಹೆತ್ತವರು ಮಗುವಿಗೆ ಹೆಸರನ್ನು ಕೊಡಬಲ್ಲರು. ಅಂತಃಸಾಕ್ಷಿಯ ದನಿಗೆ ಕಿವಿಗೊಡುವುದನ್ನೂ ಮನೆಯಲ್ಲೇ ಕಲಿಸಿದರೆ ಆ ಹೆಸರು ಸಾರ್ಥಕವಾದೀತು.