ರಾಯಬಾಗದ ಗಣಿತ, ಮಹಾವೀರರ ಕೊರಳಹಾರ

12345654321. ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಎಡದಿಂದ ಓದಿದರೂ ಬಲದಿಂದ ಓದಿದರೂ ಅದೇ. ಕ್ರಿ.ಶ. 850ರ ಸುಮಾರಿಗೆ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಇದನ್ನು ಬಣ್ಣಿಸಿದ ರೀತಿಯೇ ಚೆಂದ: ಒಂದರಿಂದ ಆರರವರೆಗೆ ಏರಿ, ಅದೇ ಕ್ರಮದಲ್ಲಿ ಇಳಿಯುವ ಸಂಖ್ಯೆ. ಹೀಗೆ ಎರಡೂ ಕಡೆಯಿಂದ ಒಂದೇ ಆಗಿರುವ ಗುಣಲಬ್ಧಗಳನ್ನು ಅವರು ಕೊರಳ ಹಾರವೆಂದು ಕರೆದರು.

ಅವರು ಕೊಟ್ಟ ಲೆಕ್ಕ ಇಷ್ಟೇ: 27994681ನ್ನು 441ರಿಂದ ಗುಣಿಸು. ನೋಡಿದರೆ ಯಾವ ಸೊಗಸೂ ಇಲ್ಲದ ಸಂಖ್ಯೆಗಳು. ಆದರೆ 441 ಎಂದರೆ 21ರ ವರ್ಗ. 27994681 ಎಂದರೆ 5291ರ ವರ್ಗ. 21ನ್ನು 5291ರಿಂದ ಗುಣಿಸಿ, 111111 ಬರುತ್ತದೆ. ಆರು ಒಂದುಗಳ ವರ್ಗವೇ ಈ ಹಾರ! ಆ 111111ನ್ನು ಒಡೆದರೆ ಸಿಗುವುದು 3, 7, 11, 13, 37 ಎಂಬ ಐದು ಅವಿಭಾಜ್ಯಗಳು. ಇದೆಲ್ಲ ಗೊತ್ತಿಲ್ಲದೆ ಆಚಾರ್ಯರು ಆ ಎರಡು ಸಂಖ್ಯೆಗಳನ್ನು ಆರಿಸಿರಲಾರರು ಎಂದೇ ನನ್ನ ನಂಬಿಕೆ.

ಏರಿಳಿತ ಎಲ್ಲಿಂದ ಬಂತು? ಪಾಟಿಯ ಮೇಲೆ 111111ನ್ನು ಆರು ಸಾಲು ಬರೆಯಿರಿ, ಪ್ರತಿ ಸಾಲನ್ನೂ ಒಂದೊಂದು ಸ್ಥಾನ ಎಡಕ್ಕೆ ಸರಿಸುತ್ತ ಹೋಗಿ. ಬಲತುದಿಯಲ್ಲಿ ಒಂದೇ ಒಂದು ಅಂಕಿ, ಅದರ ಪಕ್ಕ ಎರಡು, ಆಮೇಲೆ ಮೂರು, ನಟ್ಟನಡುವೆ ಆರು, ಅಲ್ಲಿಂದಾಚೆ ಇಳಿತ. ಕೂಡುವಾಗ ದಶಕ ತೆಗೆದುಕೊಳ್ಳುವ ಪ್ರಸಂಗವೇ ಇಲ್ಲ.

ಮಹಾವೀರರು ಬರೆದದ್ದು ಸಂಸ್ಕೃತದಲ್ಲಿ. ಗಣಿತವನ್ನು ಮೊದಲು ಕನ್ನಡಕ್ಕೆ ತಂದವನು 12ನೇ ಶತಮಾನದ ಜೈನ ಕವಿ ರಾಜಾದಿತ್ಯ. ಅವನ ಊರು ಪೂವಿನಬಾಗೆ. ಅದು ನಮ್ಮ ರಾಯಬಾಗವೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’, ‘ಲೀಲಾವತಿ’ ಅವನ ಕೃತಿಗಳು. ನಿಪ್ಪಾಣಿಯ ತಂಬಾಕಿಗೂ ಅಥಣಿಯ ಕಬ್ಬಿಗೂ ಇಂದು ದರ ಕಟ್ಟುವ ತ್ರೈರಾಶಿಯನ್ನು ಅವನು ಆಗಲೇ ಕನ್ನಡದಲ್ಲಿ ಕಲಿಸಿದ್ದ.

ಚಿಕ್ಕೋಡಿ ಸೀಮೆಯ ಸದಲಗಾದಲ್ಲಿ ಹುಟ್ಟಿದ ಆಚಾರ್ಯ ವಿದ್ಯಾಸಾಗರರನ್ನು, ಕಾಗವಾಡ ತಾಲ್ಲೂಕಿನ ಶೇಡಬಾಳದಲ್ಲಿ ಹುಟ್ಟಿದ ಆಚಾರ್ಯ ವಿದ್ಯಾನಂದರನ್ನು ಈ ಭಾಗದ ಜನ ಭಕ್ತಿಯಿಂದ ನೆನೆಯುತ್ತಾರೆ. ಅದೇ ಜೈನ ಪರಂಪರೆಯ ಗಣಿತಜ್ಞರಾದ ಮಹಾವೀರರೂ ರಾಜಾದಿತ್ಯನೂ ಇಲ್ಲಿನ ಶಾಲೆಗಳ ಕರಿಹಲಗೆಗೆ ಬರಬೇಕು. ಐದನೇ ತರಗತಿಯ ಮಗು 152207ನ್ನು 73ರಿಂದ ಗುಣಿಸಲಿ. ಎಂಟು ಒಂದುಗಳು ಸಾಲಾಗಿ ನಿಲ್ಲುತ್ತವೆ. ಅದೂ ಮಹಾವೀರರದ್ದೇ ಲೆಕ್ಕ. 142857143ನ್ನು 7ರಿಂದ ಗುಣಿಸಲಿ, 1000000001 ಬರುತ್ತದೆ.

ದೊಡ್ಡ ಮಕ್ಕಳಿಗೆ ಇನ್ನೊಂದು ಕೆಲಸ ಕೊಡಬಹುದು: ಹಾರವನ್ನು ಎಲ್ಲಿಯವರೆಗೆ ಬೆಳೆಸಬಹುದು? ಒಂಬತ್ತು ಒಂದುಗಳ ವರ್ಗ 12345678987654321. ಹತ್ತನೆಯ ಒಂದನ್ನು ಸೇರಿಸಿದೊಡನೆ ನಡುವಿನ ಮೊತ್ತ ಹತ್ತಾಗಿ, ದಶಕ ಎಡಕ್ಕೆ ದಾಟಿ, ಸಿಗುವುದು 1234567900987654321.