ರ‍್ಯಾಂಕು, ಕ್ಲಾಸು ಮತ್ತು ಕಾಯುವ ದಿನಗಳು



ಮಳೆಗಾಲ ಹಿಡಿಯುವ ಹೊತ್ತಿಗೆ ನಮ್ಮ ಕಾಸರಗೋಡಿನ ಕಡೆ ಪದವಿ ಪರೀಕ್ಷೆ ಬರೆದ ಮಕ್ಕಳಿರುವ ಮನೆಗಳಲ್ಲಿ ಒಂದು ಬಗೆಯ ಮೌನ ಕವಿಯುತ್ತದೆ. ಅಂಗಳದಲ್ಲಿ ಒಣಹಾಕಿದ ಅಡಿಕೆ ಒಳಗೆ ಬಂದಿರುತ್ತದೆ, ಕೊಡೆಗಳು ಹೊರಗೆ ಬಂದಿರುತ್ತವೆ, ರಿಸಲ್ಟ್ ಮಾತ್ರ ಬಂದಿರುವುದಿಲ್ಲ. ಮಗಳು ಅಡುಗೆಮನೆಯಲ್ಲಿದ್ದರೂ ಕಿವಿ ಫೋನಿನ ಕಡೆ. ಮಗ ತೋಟಕ್ಕೆ ಹೋದರೂ ಮನಸ್ಸು ಪರೀಕ್ಷೆಯ ಕೊನೆಯ ಪುಟದಲ್ಲಿ. ಇದರ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಕಂಡವರೆಲ್ಲ ಕೇಳುವುದು ಒಂದೇ: “ಎಂತ, ರಿಸಲ್ಟ್ ಬಂತಾ? ರ‍್ಯಾಂಕ್ ಉಂಟಾ?”

ನಾನು ಹಲವು ವರ್ಷ ಕನ್ನಡ ಪಾಠ ಹೇಳಿದವನು. ಉತ್ತರಪತ್ರಿಕೆ ತಿದ್ದಿದವನು, ಫಲಿತಾಂಶಕ್ಕಾಗಿ ಕಾದವರ ಜೊತೆ ಕಾದವನು. ಆ ಅನುಭವದಿಂದ ಈ ಹೊತ್ತು ಮೂರು ವಿಷಯ ಹೇಳಬೇಕೆಂದಿದ್ದೇನೆ. ಬರೆದು ಕೊಟ್ಟ ಉತ್ತರಪತ್ರಿಕೆ ಎಲ್ಲೆಲ್ಲಿ ಹೋಗುತ್ತದೆ. ರ‍್ಯಾಂಕು, ಕ್ಲಾಸು, ಗ್ರೇಡು, ಆನರ್ಸ್ ಎಂಬ ಮಾತುಗಳಿಗೆ ಅರ್ಥವೇನು. ಇವುಗಳಲ್ಲಿ ಮುಂದಿನ ಬಾಗಿಲು ತೆರೆಯುವುದು ಯಾವುದು.

ಮೊದಲು ಉತ್ತರಪತ್ರಿಕೆಯ ಪಯಣ. ಪರೀಕ್ಷಾ ಕೊಠಡಿಯಲ್ಲಿ ಕಟ್ಟಿದ ಕಟ್ಟು ನೇರವಾಗಿ ಪರೀಕ್ಷಕರ ಕೈಗೆ ಹೋಗುವುದಿಲ್ಲ. ಅನೇಕ ವಿಶ್ವವಿದ್ಯಾನಿಲಯಗಳಲ್ಲಿ ಮೊದಲು ನಿಮ್ಮ ರಿಜಿಸ್ಟರ್ ನಂಬರನ್ನು ಮರೆಮಾಡಿ ಬೇರೊಂದು ನಂಬರು ಹಾಕುತ್ತಾರೆ. ಇದನ್ನು ಫಾಲ್ಸ್ ನಂಬರ್ ಎನ್ನುವುದುಂಟು. ತಿದ್ದುವವರಿಗೆ ಬರೆದವರು ಯಾರೆಂದು ತಿಳಿಯಬಾರದು ಎಂಬುದಕ್ಕಾಗಿ ಈ ಏರ್ಪಾಡು. ಬಳಿಕ ಮೌಲ್ಯಮಾಪನ ಶಿಬಿರ, ಅಂದರೆ ನಾವು ಅಧ್ಯಾಪಕರು ‘ಕ್ಯಾಂಪ್’ ಎನ್ನುವುದು. ಅಲ್ಲಿ ಉತ್ತರದ ಮಾದರಿ ಮುಂದಿಟ್ಟುಕೊಂಡು ತಿದ್ದುತ್ತಾರೆ. ತಿದ್ದಿದ್ದರಲ್ಲಿ ಕೆಲವನ್ನು ಮುಖ್ಯ ಪರೀಕ್ಷಕರು ಮತ್ತೆ ನೋಡುತ್ತಾರೆ. ಸ್ನಾತಕೋತ್ತರ ತರಗತಿಗಳಲ್ಲಿ ಒಂದೇ ಪತ್ರಿಕೆಯನ್ನು ಇಬ್ಬರು ಬೇರೆಬೇರೆಯಾಗಿ ತಿದ್ದುವ ಪದ್ಧತಿ ಹಲವು ಕಡೆ ಇದೆ. ಇಬ್ಬರ ಅಂಕಗಳ ನಡುವೆ ಬಹಳ ಅಂತರವಿದ್ದರೆ ಮೂರನೆಯವರ ಕೈಗೆ ಹೋಗುತ್ತದೆ. ಆಮೇಲೆ ಅಂಕಗಳನ್ನು ದಾಖಲಿಸಬೇಕು, ಕಾಲೇಜಿನಿಂದ ಬಂದ ಇಂಟರ್ನಲ್ ಅಂಕ ಸೇರಿಸಬೇಕು, ಪರೀಕ್ಷಾ ಮಂಡಳಿ ಅದನ್ನು ಒಪ್ಪಬೇಕು. ಆಗ ಫಲಿತಾಂಶ.

ಗಡಿನಾಡಿನ ಕನ್ನಡ ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ಹೆಚ್ಚಿನ ತೊಡಕು ಉಂಟು. ಕರ್ನಾಟಕದ ಹೊರಗೆ ಕನ್ನಡ ಕಲಿಸುವ ಕಾಲೇಜುಗಳು ಕೈಬೆರಳಲ್ಲಿ ಎಣಿಸುವಷ್ಟು. ಹಾಗಾಗಿ ಕನ್ನಡ ಪತ್ರಿಕೆ ತಿದ್ದಬಲ್ಲವರೂ ಅಷ್ಟೇ. ಇತರ ವಿಷಯಗಳ ಮೇಜಿನಲ್ಲಿ ಇಪ್ಪತ್ತು ಜನ ಕುಳಿತು ಮುಗಿಸುವ ಕೆಲಸವನ್ನು ನಮ್ಮ ಮೇಜಿನಲ್ಲಿ ಇಬ್ಬರೋ ಮೂವರೋ ಮಾಡಿದ್ದನ್ನು ನಾನೇ ಕಂಡಿದ್ದೇನೆ. ಒಬ್ಬರಿಗೆ ಜ್ವರ ಬಂದರೆ ಕಟ್ಟು ಅಲ್ಲಿಯೇ ನಿಲ್ಲುತ್ತದೆ. ರಿಸಲ್ಟ್ ತಡವಾದರೆ ನಿಮ್ಮನ್ನು ಯಾರೋ ಬೇಕೆಂದೇ ಹಿಡಿದಿಟ್ಟಿದ್ದಾರೆ ಎಂದು ತಿಳಿಯಬೇಕಾಗಿಲ್ಲ. ಹಾಗೆಂದು ಸುಮ್ಮನೆ ಕೂರಲೂ ಬಾರದು. ಏಕೆ ಎಂದು ಮುಂದೆ ಹೇಳುತ್ತೇನೆ.

ಈಗ ರ‍್ಯಾಂಕಿನ ವಿಷಯ. ರ‍್ಯಾಂಕ್ ಎಂದರೆ ಸಾಲಿನಲ್ಲಿ ನಿಂತ ಸ್ಥಾನ. ಆ ವರ್ಷ, ಆ ವಿಶ್ವವಿದ್ಯಾನಿಲಯದಲ್ಲಿ, ಆ ವಿಷಯ ಬರೆದವರ ಪೈಕಿ ನೀವು ಎಷ್ಟನೆಯವರು ಎಂಬುದಷ್ಟೇ ಅದರ ಅರ್ಥ. ಹತ್ತು ಜನ ಬರೆದಾಗ ಬಂದ ಮೊದಲನೆಯ ರ‍್ಯಾಂಕೂ ಮೊದಲನೆಯದೇ, ಸಾವಿರ ಜನ ಬರೆದಾಗ ಬಂದದ್ದೂ ಮೊದಲನೆಯದೇ. ಸಾಮಾನ್ಯವಾಗಿ ಎಲ್ಲ ಪತ್ರಿಕೆಗಳನ್ನೂ ಮೊದಲ ಸಲಕ್ಕೇ ಪಾಸು ಮಾಡಿದವರನ್ನು ಮಾತ್ರ ರ‍್ಯಾಂಕಿಗೆ ಪರಿಗಣಿಸುತ್ತಾರೆ. ರ‍್ಯಾಂಕ್ ಬಂದರೆ ಊರಿಗೆ ಸಂತೋಷ, ಕಾಲೇಜಿಗೆ ಹೆಸರು, ಕೆಲವೊಮ್ಮೆ ಚಿನ್ನದ ಪದಕ. ಆ ಸಂತೋಷವನ್ನು ಹಗುರಾಗಿ ಕಾಣುವವನು ನಾನಲ್ಲ. ಆದರೆ ಉದ್ಯೋಗದ ಅರ್ಜಿಯಲ್ಲಿ, ಮುಂದಿನ ಕೋರ್ಸಿನ ಅರ್ಜಿಯಲ್ಲಿ ಮೊದಲು ಕೇಳುವುದು ರ‍್ಯಾಂಕನ್ನಲ್ಲ, ಶೇಕಡಾ ಎಷ್ಟು ಎಂಬುದನ್ನು.

ಹಿಂದೆ ಲೆಕ್ಕ ಸುಲಭವಿತ್ತು. ಶೇಕಡಾ 60 ಬಂದರೆ ಫಸ್ಟ್ ಕ್ಲಾಸ್, 50 ಬಂದರೆ ಸೆಕೆಂಡ್ ಕ್ಲಾಸ್. ಹಲವು ಕಡೆ 75 ಬಂದರೆ ಡಿಸ್ಟಿಂಕ್ಷನ್. ಈಗ ಗ್ರೇಡು ಬಂದಿದೆ. ಯುಜಿಸಿ ಸೂಚಿಸಿದ ಹತ್ತು ಅಂಶಗಳ ಕ್ರಮದಲ್ಲಿ ‘ಓ’ ಗ್ರೇಡಿಗೆ 10, ‘ಎ ಪ್ಲಸ್’ಗೆ 9, ‘ಎ’ಗೆ 8, ‘ಬಿ ಪ್ಲಸ್’ಗೆ 7, ‘ಬಿ’ಗೆ 6, ‘ಸಿ’ಗೆ 5, ಕೇವಲ ಪಾಸಾದವರಿಗೆ 4. ಇದರ ಜೊತೆ ಪ್ರತಿ ಪತ್ರಿಕೆಗೂ ಅದರ ತೂಕ ಹೇಳುವ ಕ್ರೆಡಿಟ್ ಇರುತ್ತದೆ.

ಒಂದು ಉದಾಹರಣೆ ನೋಡೋಣ. ಕಾಗದ ಪೆನ್ಸಿಲ್ ಇದ್ದವರು ಬರೆದುಕೊಳ್ಳಿ. ಒಬ್ಬ ವಿದ್ಯಾರ್ಥಿಗೆ ಒಂದು ಸೆಮಿಸ್ಟರಿನಲ್ಲಿ ಆರು ಪತ್ರಿಕೆ. ನಾಲ್ಕು ಕ್ರೆಡಿಟ್‌ನ ಮೂರು ಪತ್ರಿಕೆಗಳಲ್ಲಿ 8, 7, 9 ಬಂದಿದೆ. ಮೂರು ಕ್ರೆಡಿಟ್‌ನ ಎರಡರಲ್ಲಿ 6 ಮತ್ತು 10. ಎರಡು ಕ್ರೆಡಿಟ್‌ನ ಒಂದರಲ್ಲಿ 8. ಪ್ರತಿಯೊಂದನ್ನೂ ಅದರ ಕ್ರೆಡಿಟ್‌ನಿಂದ ಗುಣಿಸಿದರೆ 32, 28, 36, 18, 30, 16. ಒಟ್ಟು 160. ಕ್ರೆಡಿಟ್‌ಗಳ ಮೊತ್ತ 20. ಭಾಗಿಸಿದರೆ 8. ಇದು ಆ ಸೆಮಿಸ್ಟರಿನ ಸರಾಸರಿ. ಎಲ್ಲ ಸೆಮಿಸ್ಟರ್‌ಗಳನ್ನು ಸೇರಿಸಿ ಹೀಗೆಯೇ ಲೆಕ್ಕ ಹಾಕಿದರೆ ಬರುವುದು ಸಿಜಿಪಿಎ. ಇದರಲ್ಲಿ ಗಮನಿಸಬೇಕಾದ ಮಾತು ಒಂದಿದೆ. ನಾಲ್ಕು ಕ್ರೆಡಿಟ್‌ನ ಪತ್ರಿಕೆಯಲ್ಲಿ ಒಂದು ಗ್ರೇಡು ಮೇಲೇರಿದರೆ ಸರಾಸರಿ 0.2ರಷ್ಟು ಏರುತ್ತದೆ, ಎರಡು ಕ್ರೆಡಿಟ್‌ನದರಲ್ಲಿ ಏರಿದರೆ 0.1ರಷ್ಟು ಮಾತ್ರ. ಮರುಮೌಲ್ಯಮಾಪನಕ್ಕೆ ಹಣ ಕಟ್ಟುವ ಮೊದಲು ಈ ಲೆಕ್ಕ ಗೊತ್ತಿರಬೇಕು.

ಹಾಗಾದರೆ ಬಾಗಿಲು ತೆರೆಯುವ ಅಂಕ ಎಷ್ಟು? ಮೂರು ಸಂಖ್ಯೆ ನೆನಪಿಡಿ: 50, 55, 75.

ಬಿ.ಎಡ್. ಸೇರಲು ಎನ್‌ಸಿಟಿಇಯ 2014ರ ನಿಯಮಗಳಂತೆ ಪದವಿಯಲ್ಲಿ ಅಥವಾ ಸ್ನಾತಕೋತ್ತರದಲ್ಲಿ ಸಾಮಾನ್ಯವಾಗಿ ಶೇಕಡಾ 50 ಬೇಕು. ಕಾಲೇಜು ಅಧ್ಯಾಪಕರ ಹುದ್ದೆಗೆ ನೆಟ್ ಪರೀಕ್ಷೆಯಲ್ಲಿ ಅರ್ಹರಾಗಲು ಸ್ನಾತಕೋತ್ತರದಲ್ಲಿ ಶೇಕಡಾ 55 ಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ ಮತ್ತು ಅಂಗವಿಕಲ ವಿದ್ಯಾರ್ಥಿಗಳಿಗೆ 50 ಸಾಕು. ಈ 55 ಎಂದರೆ 55ಕ್ಕೆ ಕಡಿಮೆ ಇಲ್ಲದಂತೆ. 54.9ನ್ನು 55 ಎಂದು ಎಣಿಸುವುದಿಲ್ಲ. ಫಲಿತಾಂಶ ಕಾಯುತ್ತಿರುವವರು ಕೂಡ ನೆಟ್‌ಗೆ ಅರ್ಜಿ ಹಾಕಬಹುದು. ಎರಡು ವರ್ಷದೊಳಗೆ ಪದವಿಯನ್ನು ಬೇಕಾದ ಅಂಕದೊಡನೆ ಮುಗಿಸಿದರೆ ಆಯಿತು. ಇದು ತಿಳಿಯದೆ “ರಿಸಲ್ಟ್ ಬರಲಿ, ಮತ್ತೆ ನೋಡುವ” ಎಂದು ಒಂದು ವರ್ಷ ಕಳೆದುಕೊಂಡ ಮಕ್ಕಳನ್ನು ನಾನು ಬಲ್ಲೆ.

ಇನ್ನು 75. ಇದು ಆನರ್ಸ್‌ಗೆ ಸಂಬಂಧಿಸಿದ್ದು. ಹಿಂದೆ ಮದರಾಸು, ಮೈಸೂರು ವಿಶ್ವವಿದ್ಯಾನಿಲಯಗಳಲ್ಲಿ ಬಿ.ಎ. ಆನರ್ಸ್ ಇತ್ತು, ಹಿರಿಯರಿಗೆ ನೆನಪಿರಬಹುದು. ಈಗ ಆ ಹೆಸರು ಹೊಸ ರೂಪದಲ್ಲಿ ಮರಳಿದೆ. ಕೇರಳದಲ್ಲಿ 2024ರಲ್ಲಿ ನಾಲ್ಕು ವರ್ಷದ ಪದವಿ ಆರಂಭವಾಯಿತು. ಮೂರು ವರ್ಷಕ್ಕೆ 133 ಕ್ರೆಡಿಟ್ ಗಳಿಸಿ ಸಾಮಾನ್ಯ ಪದವಿಯೊಂದಿಗೆ ಹೊರಬರಬಹುದು. ನಾಲ್ಕನೆಯ ವರ್ಷವನ್ನೂ ಓದಿ 177 ಕ್ರೆಡಿಟ್ ಮುಗಿಸಿದರೆ ಆನರ್ಸ್ ಪದವಿ. ನಾಲ್ಕನೆಯ ವರ್ಷದಲ್ಲಿ ಸಂಶೋಧನೆ ಮಾಡಿ ‘ರಿಸರ್ಚ್’ ಎಂಬ ವಿಶೇಷಣದೊಡನೆ ಆನರ್ಸ್ ಪಡೆಯಬೇಕಾದರೆ, ಯುಜಿಸಿಯ 2022ರ ಚೌಕಟ್ಟಿನಂತೆ ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇಕಡಾ 75 ಇರಬೇಕು. 2022ರ ಪಿಎಚ್.ಡಿ. ನಿಯಮದಂತೆ ನಾಲ್ಕು ವರ್ಷದ ಪದವಿಯಲ್ಲಿ ಶೇಕಡಾ 75 ಬಂದವರು ಸ್ನಾತಕೋತ್ತರವಿಲ್ಲದೆಯೂ ಪಿಎಚ್.ಡಿ. ಪ್ರವೇಶಕ್ಕೆ ಅರ್ಹರು. 2024ರಲ್ಲಿ ಸೇರಿದ ಮಕ್ಕಳಿಗೆ ಮೂರನೆಯ ವರ್ಷ ಮುಗಿಯುವುದು 2027ರಲ್ಲಿ. ಅವರ ಮೊದಲ ಸೆಮಿಸ್ಟರಿನ ಅಂಕವೂ ಈ 75ರ ಲೆಕ್ಕಕ್ಕೆ ಸೇರಿರುತ್ತದೆ. ಕೊನೆಯ ವರ್ಷ ಓದಿದರಾಯಿತು ಎಂಬ ಹಳೆಯ ಧೈರ್ಯ ಇಲ್ಲಿ ನಡೆಯದು.

ಸಂಖ್ಯೆಗಳು ಸಾಕು. ಒಂದು ಸಂಗತಿ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಎಂ.ಎ. ಓದಿದ ಇಬ್ಬರು ಸಹಪಾಠಿಗಳು ನನ್ನ ಬಳಿ ಬರುತ್ತಿದ್ದರು. ಒಬ್ಬಳಿಗೆ ಮೊದಲನೆಯ ರ‍್ಯಾಂಕಿನ ಆಸೆ. ಇನ್ನೊಬ್ಬ ಸಾಧಾರಣ ವಿದ್ಯಾರ್ಥಿ, ಮನೆಯಲ್ಲಿ ಬೀಡಿ ಕಟ್ಟುವ ತಾಯಿ ಮಾತ್ರ. ಫಲಿತಾಂಶ ಬಂದಾಗ ಹುಡುಗಿಗೆ ಮೂರನೆಯ ಸ್ಥಾನ. ಒಂದು ವಾರ ಹೊರಗೆ ಬರಲಿಲ್ಲ. ಹುಡುಗನಿಗೆ 2000ಕ್ಕೆ 1094, ಅಂದರೆ ಶೇಕಡಾ 54.7. ಪಾಸಾಯಿತೆಂದು ಅವನ ಮನೆಯಲ್ಲಿ ಪಾಯಸ ಮಾಡಿದ್ದರು. ನಾನು ಅಂಕಪಟ್ಟಿ ನೋಡಿ ಕೇಳಿದೆ, “ಈ ಒಂದು ಪತ್ರಿಕೆಯಲ್ಲಿ ಎಂತ ಇಷ್ಟು ಕಡಿಮೆ?” ಅವನು ತಲೆ ತಗ್ಗಿಸಿ, “ಚೆನ್ನಾಗಿಯೇ ಬರೆದಿದ್ದೆ ಸಾರ್. ಆದರೆ ಕೊಟ್ಟದ್ದು ಕೊಟ್ಟದ್ದೇ ಅಲ್ಲವಾ?” ಎಂದ.

ಕೊಟ್ಟದ್ದು ಕೊಟ್ಟದ್ದೇ ಎಂದು ಸುಮ್ಮನಾಗಬೇಕಾಗಿಲ್ಲ ಕೇಳುಗರೇ. 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಒಂದು ತೀರ್ಪಿನಂತೆ, ಮೌಲ್ಯಮಾಪನವಾದ ಉತ್ತರಪತ್ರಿಕೆ 2005ರ ಮಾಹಿತಿ ಹಕ್ಕು ಕಾಯಿದೆಯ ಅರ್ಥದಲ್ಲಿ ‘ಮಾಹಿತಿ’. ಬರೆದವರಿಗೆ ಅದನ್ನು ನೋಡುವ ಹಕ್ಕಿದೆ. ವಿಶ್ವವಿದ್ಯಾನಿಲಯಗಳೂ ಶುಲ್ಕ ಪಡೆದು ನೆರಳಚ್ಚು ಪ್ರತಿ ಕೊಡುವುದುಂಟು. ಹುಡುಗ ಕೊನೆಯ ದಿನಕ್ಕೆ ಎರಡು ದಿನ ಮೊದಲು ಅರ್ಜಿ ಹಾಕಿದ. ಪ್ರತಿ ಬಂತು. ಒಂದು ಉತ್ತರಕ್ಕೆ ಒಳಪುಟದಲ್ಲಿ 8 ಅಂಕ ಹಾಕಿದ್ದರು, ಮೊತ್ತ ಕೂಡಿಸುವಾಗ ಅದು ಬಿಟ್ಟುಹೋಗಿತ್ತು. ತಿದ್ದುಪಡಿಯಾಗಿ 1102 ಆಯಿತು, ಶೇಕಡಾ 55.1. ಎಂಟು ಅಂಕ. ಇಂದು ಅವನು ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದಾನೆ. ಮೂರನೆಯ ಸ್ಥಾನ ಬಂದ ಹುಡುಗಿಯೂ ಕಲಿಸುತ್ತಿದ್ದಾಳೆ. ಅವಳ ಸ್ಥಾನ ಎಷ್ಟನೆಯದೆಂದು ಅವಳ ವಿದ್ಯಾರ್ಥಿಗಳು ಕೇಳಿದ್ದಿಲ್ಲವಂತೆ.

ಆದುದರಿಂದ ಕಾಯುವ ದಿನಗಳಲ್ಲಿ ಮಾಡಬೇಕಾದ ಕೆಲಸ ಇದು. ನಿಮ್ಮ ಇಂಟರ್ನಲ್ ಅಂಕ ವಿಶ್ವವಿದ್ಯಾನಿಲಯಕ್ಕೆ ತಲುಪಿದೆಯೇ ಎಂದು ವಿಭಾಗದಲ್ಲಿ ಕೇಳಿ. ಫಲಿತಾಂಶದ ಎದುರು ‘ವಿತ್‌ಹೆಲ್ಡ್’ ಎಂದು ಬಂದರೆ ಹೆದರಬೇಡಿ. ಅದು ಫೇಲ್ ಅಲ್ಲ, ತಡೆಹಿಡಿದದ್ದು. ಎಷ್ಟೋ ಸಲ ಬಾಕಿ ಶುಲ್ಕ, ತಲುಪದ ಅಂಕ ಅಥವಾ ತಪ್ಪಾದ ನಂಬರು ಕಾರಣವಾಗಿರುತ್ತದೆ. ಅಂಕಪಟ್ಟಿ ಬಂದೊಡನೆ ಮೊತ್ತವನ್ನು ನೀವೇ ಕೂಡಿಸಿ ನೋಡಿ. ಮರುಮೌಲ್ಯಮಾಪನದ ಕೊನೆಯ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅದು ದಾಟಿದರೆ ನ್ಯಾಯವಾದ ದೂರನ್ನೂ ಕೇಳುವವರು ಕಡಿಮೆ.

ಗಡಿ ದಾಟಿ ಓದಲು ಹೋಗುವವರಿಗೆ ಇನ್ನೂ ಒಂದು ಮಾತು. ಕಾಸರಗೋಡಿನಿಂದ ತಲಪಾಡಿ ದಾಟಿ ಮಂಗಳೂರಿಗೆ ಹೋಗುವವರಾಗಲಿ, ಸೊಲ್ಲಾಪುರದಿಂದ ಕಲಬುರಗಿಗೋ ಆದೋನಿಯಿಂದ ಬಳ್ಳಾರಿಗೋ ಹೋಗುವವರಾಗಲಿ, ಬಸ್ಸಿಗೆ ಅದು ಸ್ವಲ್ಪ ದೂರದ ದಾರಿ, ವಿಶ್ವವಿದ್ಯಾನಿಲಯಕ್ಕೆ ಅದು ಬೇರೆ ರಾಜ್ಯ. ವರ್ಗಾವಣೆ ಪತ್ರ, ಮೈಗ್ರೇಶನ್ ಸರ್ಟಿಫಿಕೇಟು, ಸಿಜಿಪಿಎಯನ್ನು ಶೇಕಡಾವಾರಿಗೆ ಬದಲಿಸುವ ಅಧಿಕೃತ ಪತ್ರ ಬೇಕಾಗಬಹುದು. ಈ ಬದಲಾವಣೆಯ ಸೂತ್ರ ಒಂದೊಂದು ವಿಶ್ವವಿದ್ಯಾನಿಲಯಕ್ಕೆ ಒಂದೊಂದು ಬಗೆ. ಇವುಗಳನ್ನು ಯಾವ ಕಚೇರಿಯಲ್ಲಿ, ಯಾವ ನಮೂನೆಯಲ್ಲಿ ಕೇಳಬೇಕೆಂದು ಈಗಲೇ ತಿಳಿದಿಟ್ಟುಕೊಂಡರೆ, ಫಲಿತಾಂಶ ತಡವಾದರೂ ಸೀಟು ಕೈತಪ್ಪುವ ಭಯ ಕಡಿಮೆ.

ನಮ್ಮ ಊರಿಗೆ ಪದವಿಯ ಮುದ್ರೆ ಒತ್ತುವ ಪೇಟೆಗಳು ಬದಲಾಗುತ್ತಲೇ ಬಂದಿವೆ. ಅಜ್ಜಂದಿರ ಕಾಲಕ್ಕೆ ಮದರಾಸು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು, ಮರುವರ್ಷ ಇಲ್ಲಿ ಸರಕಾರಿ ಕಾಲೇಜು ತೆರೆಯಿತು. 1968ರಲ್ಲಿ ಕಲ್ಲಿಕೋಟೆಯಲ್ಲಿ ವಿಶ್ವವಿದ್ಯಾನಿಲಯವಾಯಿತು, 1996ರಲ್ಲಿ ಕಣ್ಣೂರಿನಲ್ಲಿ. ಮುದ್ರೆ ಯಾವುದಾದರೂ ಕಾಯುವ ಮನೆಗಳು ಅವೇ.

ಕೊನೆಗೆ ಒಬ್ಬರನ್ನು ನೆನೆಯೋಣ. ಮಂಜೇಶ್ವರದ ಗೋವಿಂದ ಪೈಗಳು ಮದರಾಸಿನಲ್ಲಿ ಓದುತ್ತಿದ್ದಾಗ ತಂದೆ ತೀರಿಕೊಂಡರು. ಓದನ್ನು ನಡುವೆ ಬಿಟ್ಟು ಊರಿಗೆ ಮರಳಬೇಕಾಯಿತು. 1949ರಲ್ಲಿ ಮದರಾಸು ಸರಕಾರ ಅವರಿಗೆ ರಾಷ್ಟ್ರಕವಿ ಎಂಬ ಬಿರುದು ಕೊಟ್ಟಿತು. ಇಂದು ಮಂಜೇಶ್ವರದ ಸರಕಾರಿ ಕಾಲೇಜಿಗೆ ಅವರದೇ ಹೆಸರು. ಪದವಿ ಬೇಡ ಎಂದು ಹೇಳಲು ಇದನ್ನು ಹೇಳುತ್ತಿಲ್ಲ. ನಮ್ಮ ಮಕ್ಕಳಿಗೆ ಪದವಿ ಬೇಕು, ಅಂಕ ಬೇಕು, ಸಿಕ್ಕಿದರೆ ರ‍್ಯಾಂಕೂ ಬರಲಿ. ಆದರೆ ರಿಸಲ್ಟಿನ ದಿನ ಮಗಳು ಫೋನು ಹಿಡಿದು ಬಾಗಿಲಲ್ಲಿ ನಿಂತಾಗ “ಎಷ್ಟನೆಯ ರ‍್ಯಾಂಕು?” ಎಂದು ಕೇಳುವ ಮೊದಲು “ಬಾ, ಕೂತುಕೋ, ಒಟ್ಟಿಗೆ ನೋಡುವ” ಎನ್ನಿ. ಅಂಕಪಟ್ಟಿಯನ್ನು ಇಬ್ಬರೂ ಕೂಡಿಸಿ ನೋಡಿ. ಎಂಟು ಅಂಕ ಎಲ್ಲಿಯಾದರೂ ಬಿಟ್ಟುಹೋಗಿರಬಹುದು.